ಸಹಾಯ ಬೇಕು: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟದ ಅವಧಿ ಲೆಕ್ಕ

ಎಕ್ಸೆಲ್‌ನಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಸಮಯ ಹಾಕುವ ಶೀಟ್ ಇದು. ದೂರ ಸರಿಯಾಗಿದೆ, ಸಮಯ ಕೈಕೊಡುತ್ತಿದೆ.

ಅಕ್ಷಾಂಶ, ರೇಖಾಂಶ ಹೀಗಿವೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ: 13.1986, 77.7066. ಸ್ಯಾನ್ ಫ್ರಾನ್ಸಿಸ್ಕೊ: 37.6188, -122.375. ಭೂಮಿಯ ತ್ರಿಜ್ಯ 6371 ಕಿ.ಮೀ. ಇಟ್ಟರೆ ದೂರ ಸುಮಾರು 13,990 ಕಿ.ಮೀ. ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿದ್ದೇನೆ, ಆ ಸಲಹೆ ಬೇಡ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆಯೂ ಇದೆ. ಅದು ಬಿಟ್ಟುಹೋದರೆ 5,175 ಕಿ.ಮೀ. ಬಂದು, ವಿಮಾನ ಚೀನಾದ ಶಾನ್‌ಡಾಂಗ್ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ!

ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿದರೆ 15 ಗಂಟೆ 33 ನಿಮಿಷ. ಆದರೆ 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ಹಾರಾಟ ಶುರುಮಾಡಿದಾಗ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ 17 ಗಂಟೆಯಾದರೂ ಬೇಕಿತ್ತು. ಟ್ಯಾಕ್ಸಿ (ನಿಲ್ದಾಣದಲ್ಲಿ ವಿಮಾನ ನೆಲದ ಮೇಲೆ ಸಾಗುವುದು), ಏರುವುದು, ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿದರೂ ತಾಳೆಯಾಗುವುದಿಲ್ಲ. ಅತಿ ಹತ್ತಿರದ ದಾರಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಹೋಗುತ್ತದೆ. ಆದರೆ ಪೂರ್ವಕ್ಕೆ ಹೋಗುವವರು, ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್‌ನ ಬೆನ್ನುಗಾಳಿಗಾಗಿ ಪೆಸಿಫಿಕ್ ಮೇಲೆ ಸುತ್ತಿದರೂ ಲಾಭವೇ. ಹಾಗಾಗಿ ಎರಡೂ ದಿಕ್ಕಿಗೆ ಒಂದೇ ವೇಗ ಹಾಕುವುದೇ ತಪ್ಪು ಅನ್ನಿಸುತ್ತದೆ.

ಗೊತ್ತಿರುವವರು ತಿಳಿಸಿ: ಹೋಗುವಾಗ, ಬರುವಾಗ ಸರಾಸರಿ ನೆಲವೇಗ (ಗಾಳಿಯ ಪರಿಣಾಮವೂ ಸೇರಿ ನೆಲಕ್ಕೆ ಹೋಲಿಸಿದ ವೇಗ) ಎಷ್ಟು ಹಿಡಿಯಬೇಕು? ಸುತ್ತುದಾರಿಗೆಂದು ದೂರಕ್ಕೆ ಶೇಕಡಾ ಎಷ್ಟು ಸೇರಿಸಬೇಕು? ಚಳಿಗಾಲ, ಬೇಸಿಗೆಗೆ ಬೇರೆ ಬೇರೆ ಅಂಕಿ ಬೇಕು.

ಟಿಕೆಟ್‌ ಮೇಲಿನ ಗಡಿಯಾರ ಸಮಯ ಕಳೆದು ಹೇಳುವವರು ಎರಡು ಊರುಗಳ ಗಡಿಯಾರಗಳ ನಡುವೆ ಚಳಿಗಾಲದಲ್ಲಿ 13:30, ಬೇಸಿಗೆಯಲ್ಲಿ 12:30 ಗಂಟೆ ವ್ಯತ್ಯಾಸ ಹಿಡಿಯಿರಿ. ತಿಂಗಳು, ದಿಕ್ಕು ಬರೆಯದ ಅಂಕಿ ಶೀಟ್‌ಗೆ ಉಪಯೋಗವಿಲ್ಲ.