ಒಇಟಿ ರೈಟಿಂಗ್‌ನಲ್ಲಿ 290ಕ್ಕೆ ನಿಂತಿದ್ದೇನೆ, ಮುಂದೇನು ಮಾಡಲಿ?

ಪ್ರಶ್ನೆ (ಸ್ಟಾಫ್ ನರ್ಸ್, ಹೆಸರು ಬೇಡ ಎಂದಿದ್ದಾರೆ):

ನಮಸ್ತೆ ಮೇಡಂ. ನಾನು ಹಾಸನದ ಕಡೆಯವಳು. ಬೆಂಗಳೂರಿನ ಒಂದು ಆಸ್ಪತ್ರೆಯ ಆರ್ಥೋ ವಾರ್ಡಿನಲ್ಲಿ 6 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಯುಕೆಗೆ ಹೋಗಬೇಕು ಅಂತ ಒಇಟಿ, ಅಂದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ, ಬರೆದೆ. ಹೋದ ತಿಂಗಳು ರಿಸಲ್ಟ್ ಬಂತು. ಲಿಸನಿಂಗ್ 360, ರೀಡಿಂಗ್ 320, ರೈಟಿಂಗ್ 290, ಸ್ಪೀಕಿಂಗ್ 350. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂ. ರೈಟಿಂಗ್‌ನಲ್ಲಿ ರೋಗಿಯ ಬಗ್ಗೆ ಪತ್ರ ಬರೆಯಬೇಕಲ್ಲ, ಅದಕ್ಕೆ ಕೋಚಿಂಗ್‌ನಲ್ಲಿ ಕೊಟ್ಟ 12 ಮಾದರಿ ಪತ್ರಗಳನ್ನು ಪೂರ್ತಿ ಬಾಯಿಪಾಠ ಮಾಡಿದ್ದೆ, ಆದರೂ ಹೀಗಾಯಿತು. ಎಲ್ಲವನ್ನೂ ಮತ್ತೆ ಮೊದಲಿಂದ ಬರೆಯಬೇಕಾ? ನೈಟ್ ಡ್ಯೂಟಿ ಮುಗಿಸಿ ಬಂದು ಓದಲು ಕೂತರೆ ಏನೂ ತಲೆಗೆ ಹೋಗುವುದಿಲ್ಲ. ಮನೆಯಲ್ಲಿ "ಸಾಕು ಬಿಡು" ಅನ್ನುತ್ತಿದ್ದಾರೆ.

ಉತ್ತರ (ತರಬೇತುದಾರರು):

ಸಿಸ್ಟರ್, ಸಾಕು ಅನ್ನುವ ಹಂತದಲ್ಲಿ ನೀವಿಲ್ಲ. ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿದಿದೆ. ಲೆಕ್ಕ ನೋಡಿ.

ಯುಕೆಯ ನರ್ಸಿಂಗ್ ಕೌನ್ಸಿಲ್, ಅಂದರೆ ಎನ್‌ಎಂಸಿ, ಒಇಟಿಯಲ್ಲಿ ಕೇಳುವುದು ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ ಬಿ, ಅಂದರೆ 350. ರೈಟಿಂಗ್‌ಗೆ ಸಿ ಪ್ಲಸ್ ಸಾಕು, ಅಂದರೆ 300. ನಿಮಗೆ ರೈಟಿಂಗ್‌ನಲ್ಲಿ 10, ರೀಡಿಂಗ್‌ನಲ್ಲಿ 30 ಕಡಿಮೆ ಬಿದ್ದಿದೆ, ಅಷ್ಟೇ.

ಎರಡು ಸಲ ಬರೆದ ಅಂಕಗಳನ್ನು ಸೇರಿಸಲು ಎನ್‌ಎಂಸಿ ಒಪ್ಪುತ್ತದೆ. 2023ರ ಫೆಬ್ರವರಿಯಿಂದ ಆ ಎರಡು ಪರೀಕ್ಷೆಗಳ ನಡುವೆ 12 ತಿಂಗಳವರೆಗೆ ಅಂತರ ಇರಬಹುದು. ಮೊದಲು ಇದ್ದದ್ದು 6 ತಿಂಗಳು ಮಾತ್ರ. ಆದರೆ ಎರಡು ಸಲವೂ ನಾಲ್ಕು ಭಾಗಗಳನ್ನೂ ಬರೆಯಲೇಬೇಕು. ಯಾವುದೇ ಸಲ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಸಿ ಪ್ಲಸ್‌ಗಿಂತ ಕೆಳಗೆ ಹೋಗಬಾರದು, ರೈಟಿಂಗ್ ಸಿಗಿಂತ ಕೆಳಗೆ ಹೋಗಬಾರದು. 320 ಸಿ ಪ್ಲಸ್‌ನೊಳಗೇ ಇದೆ, 290 ಸಿ ಒಳಗೇ ಇದೆ. ಹಾಗಾಗಿ ನಿಮ್ಮ ಮೊದಲ ಪರೀಕ್ಷೆ ವ್ಯರ್ಥವಾಗಿಲ್ಲ. ಮುಂದಿನ ಸಲ ರೀಡಿಂಗ್‌ನಲ್ಲಿ 350, ರೈಟಿಂಗ್‌ನಲ್ಲಿ 300 ತೆಗೆದು, ಉಳಿದೆರಡರಲ್ಲಿ 300ರ ಕೆಳಗೆ ಇಳಿಯದಿದ್ದರೆ ಆಯಿತು. ಈ ಲೆಕ್ಕವನ್ನು ಮನೆಯವರಿಗೂ ತೋರಿಸಿ.

ಈಗ ರೈಟಿಂಗ್ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಹಿಂದಕ್ಕೆ ಎಳೆದದ್ದು ಆ 12 ಪತ್ರಗಳೇ ಅಂತ ನನಗನ್ನಿಸುತ್ತದೆ. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಅದರ ಹಿಂದೆ ನಿಮ್ಮ ಎಷ್ಟು ರಾತ್ರಿಗಳ ಶ್ರಮ ಇದೆ ಅಂತ ನನಗೆ ಗೊತ್ತು. ನಾನೂ 11 ವರ್ಷ ವಾರ್ಡಿನಲ್ಲಿದ್ದು ಆಮೇಲೆ ಕಲಿಸಲು ಬಂದವಳು.

ಒಂದು ಮಾತು ಕೇಳುತ್ತೇನೆ. ರಾತ್ರಿ ಶಿಫ್ಟಿನವರಿಗೆ ಹ್ಯಾಂಡ್‌ಓವರ್ ಕೊಡುವಾಗ ನೀವು ಪೂರ್ತಿ ಫೈಲ್ ಓದಿ ಹೇಳುತ್ತೀರಾ? ಇಲ್ಲ ಅಲ್ವಾ? "4ನೇ ಬೆಡ್ಡಿನ ಅಜ್ಜಿಗೆ ಹಿಪ್ ಸರ್ಜರಿ ಆಗಿ ಎರಡು ದಿನ, ವಾಕರ್ ಹಿಡಿದು ನಡೆಯುತ್ತಾರೆ, ಒಬ್ಬರೇ ಬಾತ್‌ರೂಮಿಗೆ ಹೋಗಲು ಬಿಡಬೇಡಿ, ಬೆಳಗ್ಗೆ ಡ್ರೆಸಿಂಗ್ ಇದೆ." ಕೇಳುವವರಿಗೆ ಈ ರಾತ್ರಿ ಏನು ಬೇಕೋ ಅಷ್ಟನ್ನೇ ಹೇಳುತ್ತೀರಿ. ಆ ಅಜ್ಜಿಗೆ 30 ವರ್ಷದ ಹಿಂದೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು ಅಂತ ಹೇಳಲು ಹೋಗುವುದಿಲ್ಲ. ಒಇಟಿ ಪತ್ರ ಅಂದರೆ ಇದೇ ಹ್ಯಾಂಡ್‌ಓವರ್, ಇಂಗ್ಲಿಷಿನಲ್ಲಿ, 180ರಿಂದ 200 ಪದಗಳಲ್ಲಿ.

ಬಾಯಿಪಾಠದ ಪತ್ರ ಇಲ್ಲೇ ಕೈಕೊಡುತ್ತದೆ. ಪರೀಕ್ಷೆಯಲ್ಲಿ ಕೊಡುವ ಕೇಸ್ ನೋಟ್ಸ್‌ನಲ್ಲಿ, ಅಂದರೆ ರೋಗಿಯ ವಿವರಗಳಲ್ಲಿ, ಬೇಡದ ಸಂಗತಿಗಳನ್ನು ಬೇಕೆಂದೇ ತುರುಕಿರುತ್ತಾರೆ. ಪತ್ರ ಯಾರಿಗೆ ಹೋಗುತ್ತದೆ ಅನ್ನುವುದರ ಮೇಲೆ ಏನು ಬೇಕು, ಏನು ಬೇಡ ಅನ್ನುವುದು ನಿರ್ಧಾರವಾಗುತ್ತದೆ. ಅದೇ ಅಜ್ಜಿಯ ಬಗ್ಗೆ ಕಮ್ಯುನಿಟಿ ನರ್ಸ್‌ಗೆ, ಅಂದರೆ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸ್‌ಗೆ, ಬರೆದರೆ ಗಾಯ, ಡ್ರೆಸಿಂಗ್, ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಮುಖ್ಯ. ಫಿಸಿಯೋಗೆ ಬರೆದರೆ ನಡಿಗೆ ಮುಖ್ಯ.

ಒಟ್ಟು 45 ನಿಮಿಷ. ಮೊದಲ 5 ನಿಮಿಷ ಓದಲು ಮಾತ್ರ, ಆಗ ಬರೆಯುವಂತಿಲ್ಲ. ಆ 5 ನಿಮಿಷದಲ್ಲಿ ಮೊದಲು ಕೊನೆಯಲ್ಲಿರುವ ಪ್ರಶ್ನೆ ಓದಿ. ಯಾರಿಗೆ, ಯಾಕೆ ಅನ್ನುವುದು ತಿಳಿದ ಮೇಲೆ ನೋಟ್ಸ್ ನೋಡಿ. ಪತ್ರ ಯಾಕೆ ಬರೆಯುತ್ತಿದ್ದೀರಿ ಅನ್ನುವುದು ಮೊದಲ ವಾಕ್ಯದಲ್ಲೇ ಇರಲಿ. ಉದ್ದೇಶಕ್ಕೆ ಅಂತಲೇ ಬೇರೆ ಅಂಕ ಇದೆ.

ರೀಡಿಂಗ್ ಬಗ್ಗೆ ಚಿಕ್ಕದಾಗಿ: ಪಾರ್ಟ್ ಎ ನಾಲ್ಕು ಬರಹ, 20 ಪ್ರಶ್ನೆ, 15 ನಿಮಿಷ. ಅಲ್ಲಿ ಪೂರ್ತಿ ಓದಲು ಕೂರಬೇಡಿ. ಪ್ರಶ್ನೆ ನೋಡಿ, ಉತ್ತರ ಹುಡುಕಿ, ಬರಹದಲ್ಲಿದ್ದ ಪದವನ್ನೇ ಬರೆಯಿರಿ. ಡ್ರಗ್ ಚಾರ್ಟ್‌ನಲ್ಲಿ ಡೋಸ್ ಹುಡುಕುವ ಹಾಗೆ.

ನೈಟ್ ಡ್ಯೂಟಿಯ ದಿನ ಓದಬೇಡಿ, ಮಲಗಿ. ಆಫ್ ಇದ್ದ ದಿನ ಗಡಿಯಾರ ಇಟ್ಟುಕೊಂಡು ಒಂದೇ ಒಂದು ಪತ್ರ ಬರೆದರೂ ಸಾಕು.

ಪ್ರಶ್ನೆ (ಇನ್ನೊಬ್ಬ ಸದಸ್ಯೆ, ಮಂಡ್ಯ):

ಅಕ್ಕ, ನನಗೆ ಸ್ಪೀಕಿಂಗ್ ಭಯ. ನನ್ನ ಇಂಗ್ಲಿಷ್‌ನಲ್ಲಿ ಕನ್ನಡದ ಧಾಟಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಬ್ರಿಟಿಷ್ ಆ್ಯಕ್ಸೆಂಟ್ ಕಲಿಯಬೇಕಾ?

ಉತ್ತರ:

ಬೇಡಮ್ಮ. ಕನ್ನಡದ ಧಾಟಿಗೆ ಅಂಕ ಕಳೆಯುವುದಿಲ್ಲ. ಹೇಳಿದ್ದು ಅರ್ಥವಾಗಬೇಕು, ಅಷ್ಟೇ. ಸರಿ ಮಾಡಿಕೊಳ್ಳಬೇಕಾದದ್ದು ಎರಡು ಮೂರು. ನಮ್ಮ ಮೈಸೂರು, ಮಂಡ್ಯ, ಹಾಸನದ ಕಡೆ ಮಾತಿನ ರಭಸದಲ್ಲಿ ಹಕಾರ ಬಿದ್ದುಹೋಗುತ್ತದೆ, "ಹಾಲು" "ಆಲು" ಆಗುವ ಹಾಗೆ. ಇಂಗ್ಲಿಷಿನಲ್ಲಿ "ಹಾರ್ಟ್" "ಆರ್ಟ್" ಆದರೆ ರೋಗಿಗೆ ಬೇರೆಯೇ ಅರ್ಥ ಬರುತ್ತದೆ. ಹಾಗೇ "ಫೀವರ್" "ಪೀವರ್" ಆಗಬಾರದು. ಫೋನಿನಲ್ಲಿ ರೆಕಾರ್ಡ್ ಮಾಡಿ ನೀವೇ ಕೇಳಿ.

ಧಾಟಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ "ಮಾತ್ರೆ ತಗೊಳ್ಳಿ" ಅಂದಾಗ ಆ "ಳ್ಳಿ"ಯಲ್ಲೇ ಮರ್ಯಾದೆ ಇದೆ. ಅದನ್ನೇ ಇಂಗ್ಲಿಷಿಗೆ ತಂದು "ಟೇಕ್ ದಿ ಟ್ಯಾಬ್ಲೆಟ್" ಅಂದರೆ ಮರ್ಯಾದೆ ಕನ್ನಡದಲ್ಲೇ ಉಳಿದುಬಿಡುತ್ತದೆ, ಬರೀ ಅಪ್ಪಣೆ ಕೇಳಿಸುತ್ತದೆ. "ಕುಡ್ ಯು", "ವುಡ್ ಯು ಮೈಂಡ್" ಅಂತ ಬೇರೆ ಪದ ಹಾಕಿಯೇ ಆ ಮರ್ಯಾದೆಯನ್ನು ತರಬೇಕು.

ಇನ್ನೊಂದು, ನಾವು ಪ್ರೀತಿಯಿಂದಲೇ "ಏನೂ ಆಗಲ್ಲ ಅಮ್ಮ, ಸುಮ್ನಿರಿ, ಹೆದರಬೇಡಿ" ಅನ್ನುತ್ತೇವೆ. ನಮ್ಮ ವಾರ್ಡಿನಲ್ಲಿ ಅದು ಧೈರ್ಯ. ಒಇಟಿಯಲ್ಲಿ ಅದು ರೋಗಿಯ ಮಾತನ್ನು ಅಲ್ಲೇ ಮುಚ್ಚಿದ ಹಾಗೆ. ರೋಗಿಯ ದೃಷ್ಟಿಯಿಂದ ನೋಡಿದಿರಾ ಅನ್ನುವುದಕ್ಕೇ ಅಲ್ಲಿ ಅಂಕ ಇದೆ. "ನಿಮಗೆ ಮುಖ್ಯವಾಗಿ ಯಾವುದರ ಚಿಂತೆ?" ಅಂತ ಕೇಳಿ, ಮತ್ತೆ ಸುಮ್ಮನಿದ್ದು ಉತ್ತರ ಕೇಳಿಸಿಕೊಳ್ಳಿ. ಎರಡು ರೋಲ್‌ಪ್ಲೇ ಇರುತ್ತವೆ, ಒಂದೊಂದೂ ಸುಮಾರು 5 ನಿಮಿಷ. ಎದುರಿಗೆ ರೋಗಿಯಾಗಿ ಮಾತನಾಡುವವರು ಅಂಕ ಹಾಕುವುದಿಲ್ಲ. ರೆಕಾರ್ಡಿಂಗ್ ಕೇಳಿ ಬೇರೆಯವರು ಹಾಕುತ್ತಾರೆ. ಆದ್ದರಿಂದ ಅವರ ಮುಖ ನೋಡಿ ಗಾಬರಿಯಾಗಬೇಡಿ.

ಪ್ರಶ್ನೆ (ಬಿಎಸ್‌ಸಿ ನರ್ಸಿಂಗ್ ಕೊನೆಯ ವರ್ಷ, ದಾವಣಗೆರೆ):

ಮೇಡಂ, ನಾನು ಈಗಲೇ ಬರೆದುಬಿಡಲೇ? ಒಬ್ಬ ಏಜೆಂಟ್ 3 ಲಕ್ಷ ಕೊಟ್ಟರೆ ಪಾಸ್ ಗ್ಯಾರಂಟಿ, ಕೆಲಸವೂ ಗ್ಯಾರಂಟಿ ಅನ್ನುತ್ತಿದ್ದಾರೆ.

ಉತ್ತರ:

ದಯವಿಟ್ಟು ಒಂದು ರೂಪಾಯಿಯೂ ಕೊಡಬೇಡಿ. ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಕೇಳಬಾರದು ಅಂತ ಯುಕೆ ಸರ್ಕಾರದ ನೇಮಕಾತಿ ಸಂಹಿತೆಯಲ್ಲೇ ಇದೆ. ಇನ್ನು ಪಾಸ್ ಗ್ಯಾರಂಟಿ ಅಂದರೆ ಮೋಸ. 2023ರಲ್ಲಿ ನೈಜೀರಿಯಾದ ಇಬಾದಾನ್‌ನ ಒಂದು ಕೇಂದ್ರದಲ್ಲಿ ಎನ್‌ಎಂಸಿಯ ಸಿಬಿಟಿ, ಅಂದರೆ ಕಂಪ್ಯೂಟರ್‌ನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆಯ, ಅಂಕಗಳ ಮೇಲೆ ಅನುಮಾನ ಬಂತು. ಅಲ್ಲಿ ಬರೆದವರಿಗೆಲ್ಲ ಮತ್ತೆ ಬರೆಯಿರಿ ಅಂದರು. ಆಗ ಅವರಲ್ಲಿ ಕೆಲವರು ಯುಕೆಗೆ ಬಂದು ಕೆಲಸ ಶುರು ಮಾಡಿಯಾಗಿತ್ತು. ಮನೆಯವರ ಸಾಲದ ಹಣದಲ್ಲಿ ಆ ಭಯ ಕೊಂಡುಕೊಳ್ಳಬೇಡಿ.

ಅಂಕಗಳಿಗೆ ಬೆಲೆ ಇರುವುದು ಎರಡು ವರ್ಷ. ಹಾಗಾಗಿ ಈಗಲೇ ಬರೆಯುವ ಆತುರ ಬೇಡ, ಕಲಿಯಲು ಮಾತ್ರ ಇದೇ ಒಳ್ಳೆಯ ಸಮಯ. ದಿನಕ್ಕೊಂದು ಕಾಯಿಲೆಯ ಬಗ್ಗೆ ಎನ್‌ಎಚ್‌ಎಸ್, ಅಂದರೆ ಯುಕೆಯ ಸರ್ಕಾರಿ ಆರೋಗ್ಯ ಸೇವೆಯ, ವೆಬ್‌ಸೈಟಿನಲ್ಲಿ ಓದಿ. ಅದು ರೋಗಿಗಳಿಗಾಗಿ ಬರೆದದ್ದು, ಭಾಷೆ ತುಂಬಾ ಸರಳ. "ಹೈಪರ್‌ಟೆನ್ಷನ್" ಅನ್ನುವ ಜಾಗದಲ್ಲಿ "ಹೈ ಬ್ಲಡ್ ಪ್ರೆಷರ್" ಅನ್ನುವುದನ್ನು ಅಲ್ಲಿ ಕಲಿಯುತ್ತೀರಿ. ಸ್ಪೀಕಿಂಗ್‌ಗೆ ಅದೇ ಬೇಕು. ಒಇಟಿಯವರ ವೆಬ್‌ಸೈಟಿನಲ್ಲೇ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ.

ಮೊದಲ ಸದಸ್ಯೆ:

ಮೇಡಂ, ಲೆಕ್ಕ ನೋಡಿ ಜೀವ ಬಂತು. ಇವತ್ತು ಆಫ್. ನಮ್ಮ ವಾರ್ಡಿನಂಥದ್ದೇ ಒಂದು ಕೇಸ್ ಕಲ್ಪಿಸಿಕೊಂಡು ಮೊದಲ ವಾಕ್ಯ ಬರೆದೆ: "ಐ ಆ್ಯಮ್ ರೈಟಿಂಗ್ ದಿಸ್ ಲೆಟರ್ ರಿಗಾರ್ಡಿಂಗ್ ಮಿಸೆಸ್ ಲಕ್ಷ್ಮಿ, ಹೂ ವಾಸ್ ಅಡ್ಮಿಟೆಡ್ ವಿತ್ ಫಾಲ್ ಆ್ಯಂಡ್ ಹ್ಯಾಸ್ ಡಯಾಬಿಟಿಸ್ ಸಿನ್ಸ್ 2010." ಸರಿ ಇದೆಯಾ?

ಉತ್ತರ:

ಇದನ್ನು ಓದಿದ ಕಮ್ಯುನಿಟಿ ನರ್ಸ್ "ಸರಿ, ನಾನೇನು ಮಾಡಬೇಕು?" ಅನ್ನುತ್ತಾರೆ. ಡಯಾಬಿಟಿಸ್ ಮೂರನೇ ಪ್ಯಾರಾಗೆ ಹೋಗಲಿ. ಹೀಗೆ ನೋಡಿ: "ಮಿಸೆಸ್ ಲಕ್ಷ್ಮಿ ಈಸ್ ಬೀಯಿಂಗ್ ಡಿಸ್ಚಾರ್ಜ್ಡ್ ಟುಡೇ ಫಾಲೋಯಿಂಗ್ ಹಿಪ್ ಸರ್ಜರಿ ಆ್ಯಂಡ್ ರಿಕ್ವೈರ್ಸ್ ವೂಂಡ್ ಕೇರ್ ಆ್ಯಂಡ್ ಸಪೋರ್ಟ್ ವಿತ್ ಮೊಬಿಲಿಟಿ ಅಟ್ ಹೋಮ್." ಯಾರು, ಏನಾಯಿತು, ನೀವೇನು ಮಾಡಬೇಕು, ಮೂರೂ ಒಂದೇ ವಾಕ್ಯದಲ್ಲಿ ಬಂತು. ಇನ್ನು 39 ನಿಮಿಷ ಇದೆ ಅಂದುಕೊಂಡು ಉಳಿದದ್ದನ್ನು ಬರೆದು ಇಲ್ಲೇ ಹಾಕಿ, ನಾನು ರಾತ್ರಿ ಕೂತು ನೋಡುತ್ತೇನೆ.