ಸಹಾಯ ಬೇಕು: ಭುಜ ಜಾರಿದ್ದು ಮೊದಲ ಸಲ, ಈಗಲೇ ಶಸ್ತ್ರಚಿಕಿತ್ಸೆ ಬೇಕೇ?

ನಮಸ್ಕಾರ. ನನ್ನ ತಮ್ಮನಿಗೆ 19 ವರ್ಷ, ಕಾಲೇಜು ಕಬಡ್ಡಿ ತಂಡದ ರೈಡರ್. ಆರು ವಾರಗಳ ಹಿಂದೆ ಎದುರಾಳಿಗಳು ಕೈ ಹಿಡಿದೆಳೆದಾಗ ಬಲ ಭುಜದ ಕೀಲು ಮುಂದಕ್ಕೆ ಜಾರಿತು. ಆಸ್ಪತ್ರೆಯಲ್ಲಿ ಕೀಲನ್ನು ಮತ್ತೆ ಸ್ವಸ್ಥಾನಕ್ಕೆ ಕೂರಿಸಿ, ಮೂರು ವಾರ ಸ್ಲಿಂಗ್ ಹಾಕಿದ್ದರು. ಈಗ ಫಿಸಿಯೋಥೆರಪಿ ನಡೆಯುತ್ತಿದೆ. ನೋವು ಕಡಿಮೆಯಾಗಿದೆ. ಆದರೆ ಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸಿದರೆ ಮತ್ತೆ ಜಾರೀತೆಂದು ಮುಖ ಬಿಳಿಚಿಕೊಳ್ಳುತ್ತಾನೆ.

ಎಂಆರ್‌ಐನಲ್ಲಿ ಬ್ಯಾಂಕಾರ್ಟ್ ಗಾಯ ಕಂಡಿದೆ, ಅಂದರೆ ಕೀಲಿನ ಬಟ್ಟಲಿನಂಚಿನ ಮೃದು ಪಟ್ಟಿ (ಲೇಬ್ರಮ್) ಮುಂಭಾಗದಲ್ಲಿ ಹರಿದಿದೆ. ಮೂಳೆಗೆ ಪೆಟ್ಟಾಗಿಲ್ಲ. ಒಬ್ಬ ವೈದ್ಯರು, ‘ಈ ವಯಸ್ಸು, ಈ ಆಟ, ಮತ್ತೆ ಜಾರುವ ಸಾಧ್ಯತೆ ಹೆಚ್ಚು. ಜಾರಿದಷ್ಟೂ ಮೂಳೆ ಸವೆಯುತ್ತದೆ, ಈಗಲೇ ಆರ್ತ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಹೊಲಿಸಿಬಿಡಿ’ ಎನ್ನುತ್ತಾರೆ. ಇನ್ನೊಬ್ಬರು, ‘ಮೊದಲ ಸಲ ತಾನೇ, ವ್ಯಾಯಾಮದಿಂದ ಸ್ನಾಯು ಬಲಪಡಿಸಿ, ಇನ್ನೊಮ್ಮೆ ಜಾರಿದರೆ ನೋಡೋಣ’ ಎನ್ನುತ್ತಾರೆ. ಆ ‘ಇನ್ನೊಮ್ಮೆ’ ಎಂಬ ಮಾತಿಗೇ ಅಮ್ಮನಿಗೆ ನಿದ್ದೆಯಿಲ್ಲ. ಅವನಂತೂ ಆಟ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಾನೆ.

ಇಪ್ಪತ್ತರ ಆಸುಪಾಸಿನಲ್ಲಿ ಮೊದಲ ಸಲ ಭುಜ ಜಾರಿದವರು, ಮೂಳೆ ತಜ್ಞರು, ಫಿಸಿಯೋಥೆರಪಿಸ್ಟ್‌ಗಳು ದಯವಿಟ್ಟು ತಿಳಿಸಿ: ಲೇಬ್ರಮ್ ಹರಿದಿರುವಾಗ ಬರೀ ವ್ಯಾಯಾಮದಿಂದ ಕಬಡ್ಡಿಗೆ ಮರಳಬಹುದೇ? ಅಥವಾ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸುವುದು ಸರಿಯೇ? ಮಾಡಿಸಿದರೆ ಅಂಕಣಕ್ಕೆ ಇಳಿಯಲು ಎಷ್ಟು ತಿಂಗಳು ಬೇಕಾಯಿತು?