ಹೊತ್ತೇರಿದ ಬಿಸಿಲಲ್ಲಿ ಫೋಟೋ: ಫ್ಲಾಶ್ ಇಲ್ಲ, ಏನು ಮಾಡಲಿ?

ಪ್ರಶ್ನೆ:
ತಂಗಿಯ ಫೋಟೋ ತೆಗೆಯಬೇಕು, ಮೇಲುಕೋಟೆ ಕಲ್ಯಾಣಿ ಹತ್ತಿರ. ಹಳೇ ಕ್ಯಾಮೆರಾ, 50 ಎಂಎಂ ಲೆನ್ಸ್ ಇದೆ. ಅವಳು ರೆಡಿಯಾಗಿ ಬರೋದೇ 11 ಗಂಟೆಗೆ! ಆ ಬಿಸಿಲಿಗೆ ಕಣ್ಣ ಕೆಳಗೆಲ್ಲ ಕಪ್ಪು ನೆರಳು. ಬಜೆಟ್ 500 ರೂಪಾಯಿ.

ಉತ್ತರ 1:
ಕಲ್ಯಾಣಿ ಸುತ್ತ ಕಲ್ಲಿನ ಮಂಟಪ ಇದೆಯಲ್ಲ, ಅದರ ನೆರಳಲ್ಲಿ ಅಂಚಿಗೆ ನಿಲ್ಲಿಸಿ. ಮುಖ ನೀರಿನ ಕಡೆ ಇರಲಿ. ಬಿಸಿಲು ಬಿದ್ದ ಮೆಟ್ಟಿಲುಗಳೇ ಮುಖಕ್ಕೆ ಬೆಳಕು ಕೊಡುತ್ತವೆ. ಖರ್ಚು ಸೊನ್ನೆ.

ಉತ್ತರ 2:
ಬಯಲಲ್ಲೇ ಬೇಕು ಅಂದ್ರೆ ಅಪ್ಪನ ಬಿಳಿ ಪಂಚೆ ತಗೊಂಡು ಹೋಗಿ. ಒಂದೇ ಪದರ ಬಿಡಿಸಿ, ಇಬ್ಬರು ತಲೆಯ ಮೇಲೆ ಎಳೆದು ಹಿಡಿಯಲಿ. ನೆರಳು ಮೆತ್ತಗಾಗುತ್ತದೆ. ಆದರೆ ಹಿಂದೆ ಬಿಸಿಲಿದ್ದರೆ ಅದು ಬೆಳ್ಳಗೆ ಸುಟ್ಟಹಾಗೆ ಕಾಣುತ್ತದೆ, ಹಿನ್ನೆಲೆಗೆ ನೆರಳಿರುವ ಗೋಡೆ ನೋಡಿ. ಬೆಳಕು ತಿರುಗಿ ಮುಖಕ್ಕೆ ಬೀಳೋ ಹಾಗೆ ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಶೀಟ್ ಎದೆಮಟ್ಟದಲ್ಲಿ, ಸ್ವಲ್ಪ ಪಕ್ಕಕ್ಕೆ ಹಿಡಿಸಿ. ತೀರಾ ಕೆಳಗಿಂದ ಬೇಡ, ಮುಖ ನಾಟಕದ ರಾಕ್ಷಸನ ಥರ ಆಗುತ್ತದೆ. ಸಿಲ್ವರ್ ಹಾಳೆಯಂತೂ ಬೇಡವೇ ಬೇಡ, ಪಾಪ, ಕಣ್ಣು ಬಿಡೋಕಾಗಲ್ಲ.

ಉತ್ತರ 3:
ಹುಲ್ಲಿನ ಪಕ್ಕ ನಿಲ್ಲಿಸಬೇಡಿ, ಗಲ್ಲಕ್ಕೆ ಹಸಿರು ಬಡಿಯುತ್ತದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ಮಂಟಪವೇ ಸರಿ. ಪಂಚೆ ಹಿಡಿಯೋಕೆ ಮಾವನ ಮಕ್ಕಳಿದ್ದಾರೆ, ಊಟ ಹಾಕಿಸಿದರೆ ಆಯ್ತು.